ಬಲವಿದ್ದರೂ ಕೆಲಸ ಮಾಡದ ಕೈ: ಸ್ಟ್ರೋಕ್ ನಂತರದ ಅಪ್ರಾಕ್ಸಿಯ, ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇವರು ಐವತ್ತು ದಾಟಿದ ಎಲೆಕ್ಟ್ರಿಷಿಯನ್. ಹೆಸರು, ಊರು ಬೇಡ. ಗುರುತು ಸಿಗದ ಹಾಗೆ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಕಸುಬನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ, ಯಾಕೆಂದರೆ ಅದಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಬಲಗೈ ರೂಢಿಯವರು. ಎಡ ಮೆದುಳಿನ ಮಧ್ಯ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆಗಿತ್ತು. ಸ್ಕ್ಯಾನ್‌ನಲ್ಲಿ ಕಿವಿಯ ಮೇಲ್ಭಾಗಕ್ಕೆ ಬರುವ ಪರೈಟಲ್ ಭಾಗ ಮತ್ತು ಅದರ ಮುಂದಿನ ಒಂದಿಷ್ಟು ಜಾಗಕ್ಕೆ ಪೆಟ್ಟು ಬಿದ್ದಿದ್ದು ಕಾಣುತ್ತಿತ್ತು. ಮೊದಲ ವಾರಗಳಲ್ಲಿ ಬಲಗೈ ಬಲಗಾಲು ಎರಡೂ ಸೋತಿದ್ದವು. ಕಾಲು ಬೇಗ ಚೇತರಿಸಿಕೊಂಡಿತು. ಬಲಗೈ ಭುಜದ ತನಕ ಎದ್ದರೂ ಬೆರಳುಗಳಲ್ಲಿ ಹಿಡಿತ ಬರಲಿಲ್ಲ. ಮಾತು ತೊಡಕಾಗಿತ್ತು. ಒಂದೆರಡು ಪದ ಹೊರಡುತ್ತಿದ್ದವು, ಆಮೇಲೆ ಸಿಟ್ಟು, ಆಮೇಲೆ ಮೌನ. ಚಿಕ್ಕ ವಾಕ್ಯದಲ್ಲಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಿದ್ದರು.

ಎಡಗೈ ಮಾತ್ರ ಗಟ್ಟಿಯಾಗಿತ್ತು. ಹಿಡಿತ ಸರಿ, ಸ್ಪರ್ಶ ಸರಿ, ಬೆರಳು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದರು. ಹಾಗಾಗಿ ಎಲ್ಲರ ಲೆಕ್ಕ ಒಂದೇ: ಬಲಗೈ ಬರುವವರೆಗೆ ಎಡಗೈಯಲ್ಲಿ ಕೆಲಸ ಮಾಡಿಕೊಳ್ಳಲಿ.

ಸಮಸ್ಯೆ

ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಗೆ, ಅಂದರೆ ನನ್ನ ಬಳಿಗೆ, ಕಳಿಸಿದ ಚೀಟಿಯಲ್ಲಿ 'ಹೇಳಿದ್ದನ್ನು ಮಾಡುವುದಿಲ್ಲ, ಸಹಕಾರ ಕಡಿಮೆ' ಎಂದಿತ್ತು. ಮನೆಯವರ ದೂರು ಇನ್ನೂ ಸ್ಪಷ್ಟವಾಗಿತ್ತು. ಹಲ್ಲುಜ್ಜುವ ಬ್ರಷ್ ಕೊಟ್ಟರೆ ಅದನ್ನು ತಲೆಕೆಳಗಾಗಿ ಹಿಡಿದು ಕೆನ್ನೆಗೆ ಒತ್ತುತ್ತಾರೆ. ಬಾಚಣಿಗೆಯ ಬೆನ್ನಿನಿಂದ ತಲೆ ಬಾಚುತ್ತಾರೆ. ಅಂಗಿ ಕೊಟ್ಟರೆ ತೋಳನ್ನು ಹುಡುಕುತ್ತಾ ಕೂತುಬಿಡುತ್ತಾರೆ. 'ಎಡಗೈಗೆ ಏನೂ ಆಗಿಲ್ಲ ಅಲ್ವಾ, ಮತ್ಯಾಕೆ ಹೀಗೆ?' ಎಂದು ಹೆಂಡತಿ ಕೇಳಿದರು. ಮಗ ಅದಕ್ಕೆ ಉತ್ತರವನ್ನೂ ಇಟ್ಟುಕೊಂಡಿದ್ದ. ಅಪ್ಪ ಜೀವಮಾನವಿಡೀ ಬಲಗೈಯವರು, ಎಡಗೈ ಅಭ್ಯಾಸವಿಲ್ಲ, ಅಷ್ಟೇ.

ಈ ಉತ್ತರ ತಾರ್ಕಿಕವಾಗಿ ಕೇಳಿಸುತ್ತದೆ. ಎಷ್ಟೋ ರೋಗಿಗಳ ತೊಂದರೆ ತಿಂಗಳುಗಟ್ಟಲೆ ಮುಚ್ಚಿಹೋಗುವುದೂ ಇದರಿಂದಲೇ. ಆದರೆ ಅಭ್ಯಾಸವಿಲ್ಲದ ಕೈ ಮಾಡುವ ತಪ್ಪೇ ಬೇರೆ. ಬಲಗೈಯವರು ಎಡಗೈಯಲ್ಲಿ ಹಲ್ಲುಜ್ಜಿದರೆ ನಿಧಾನವಾಗಿರುತ್ತದೆ, ಒರಟಾಗಿರುತ್ತದೆ, ಗಲ್ಲಕ್ಕೆ ನೊರೆ ಮೆತ್ತಿಕೊಳ್ಳುತ್ತದೆ. ಬ್ರಷ್ ಹಿಡಿಯುವ ದಿಕ್ಕು ಮಾತ್ರ ತಪ್ಪುವುದಿಲ್ಲ. ಇವರದ್ದು ಉಲ್ಟಾ. ಚಲನೆ ನಯವಾಗಿತ್ತು, ನಡುಕವಿರಲಿಲ್ಲ, ಆದರೆ ಹಿಡಿತ, ದಿಕ್ಕು, ಕ್ರಮ ತಪ್ಪುತ್ತಿತ್ತು. ಮರುಕ್ಷಣ ಅದೇ ಕೈ ಮೂಗಿನ ಮೇಲೆ ಕೂತ ನೊಣವನ್ನು ಸಲೀಸಾಗಿ ಓಡಿಸುತ್ತಿತ್ತು.

ಶಕ್ತಿ ಇದೆ, ಸ್ಪರ್ಶ ಇದೆ, ಹೇಳಿದ್ದು ತಿಳಿಯುತ್ತದೆ. ಆದರೂ ಕಲಿತ ಕೆಲಸದ ಚಲನೆ ಕೈಗೆ ಬರುವುದಿಲ್ಲ. ಇದಕ್ಕೆ ಅಪ್ರಾಕ್ಸಿಯ ಎನ್ನುತ್ತಾರೆ. ಇದನ್ನು ಹಟ ಎಂದೋ ಮರೆವು ಎಂದೋ ತಿಳಿಯುವುದು ಹೊಸದೇನಲ್ಲ. 1900ರಲ್ಲಿ ಜರ್ಮನಿಯ ವೈದ್ಯ ಹ್ಯೂಗೋ ಲೀಪ್‌ಮನ್ ಬರೆದ ಪ್ರಸಿದ್ಧ ವರದಿ 48 ವರ್ಷದ ಒಬ್ಬ ಸರ್ಕಾರಿ ಅಧಿಕಾರಿಯದು. ಅವರಿಗೆ ಬುದ್ಧಿ ಮಂಕಾಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಲೀಪ್‌ಮನ್ ಆ ಅಧಿಕಾರಿಯ ಬಲಗೈಯನ್ನು ತಡೆದು ಹಿಡಿದು ಎಡಗೈಯಿಂದ ಮಾಡಿಸಿದಾಗ, ಹೇಳಿದ್ದೆಲ್ಲ ಸರಿಯಾಗಿ ಆಯಿತು. ತೊಂದರೆ ಬುದ್ಧಿಯಲ್ಲಿ ಇರಲಿಲ್ಲ ಎಂದು ಅಲ್ಲಿಗೆ ಗೊತ್ತಾಯಿತು.

ಆ ಅಧಿಕಾರಿಗೆ ಒಂದೇ ಕೈ ಕೆಟ್ಟಿತ್ತು. ಎಡ ಮೆದುಳಿನ ಸ್ಟ್ರೋಕ್‌ನಿಂದ ಅಪ್ರಾಕ್ಸಿಯ ಬಂದವರಲ್ಲಿ ಸಾಮಾನ್ಯವಾಗಿ ಎರಡೂ ಕೈಗೆ ತೊಂದರೆ ಇರುತ್ತದೆ. ಲೀಪ್‌ಮನ್ ಮುಂದಿನ ವರ್ಷಗಳಲ್ಲಿ ಇದನ್ನೂ ನೋಡಿದರು. ಎಡ ಮೆದುಳಿಗೆ ಪೆಟ್ಟು ಬಿದ್ದು ಬಲಭಾಗ ಸೋತವರಲ್ಲಿ ಸುಮಾರು ಅರ್ಧದಷ್ಟು ಜನರ ಎಡಗೈಯೂ ತಡವರಿಸುತ್ತಿತ್ತು, ಎಡಭಾಗ ಸೋತವರಲ್ಲಿ ಹಾಗಿರಲಿಲ್ಲ. ಕಾರಣ ಹೀಗಿದೆ. ಬಲಗೈ ರೂಢಿಯವರಲ್ಲಿ, ಕಲಿತ ಚಲನೆಯ ನಕ್ಷೆ ಹೆಚ್ಚಾಗಿ ಎಡ ಮೆದುಳಿನ ಕೆಳ ಪರೈಟಲ್ ಭಾಗ ಮತ್ತು ಮುಂಭಾಗದ ನಡುವಿನ ಜಾಲದಲ್ಲಿ ತಯಾರಾಗುತ್ತದೆ. ಎಡಗೈಯನ್ನು ಓಡಿಸುವುದು ಬಲ ಮೆದುಳು. ಆದರೆ ನಕ್ಷೆ ಅದಕ್ಕೆ ಎಡಗಡೆಯಿಂದ, ಎರಡು ಭಾಗಗಳನ್ನು ಜೋಡಿಸುವ ನರಗಳ ಸೇತುವೆ ದಾಟಿ ಬರಬೇಕು. ನಕ್ಷೆ ಮಾಡುವ ಜಾಗವೇ ಕೆಟ್ಟರೆ ಪೆಟ್ಟೇ ಬೀಳದ ಎಡಗೈ ಕೂಡ ದಾರಿ ತಪ್ಪುತ್ತದೆ. ಹೆಂಡತಿಯ ಪ್ರಶ್ನೆಗೆ ಇದೇ ಉತ್ತರ.

ಪರೀಕ್ಷೆಯಲ್ಲಿ ಕಂಡದ್ದು

ಅಫೇಸಿಯ, ಅಂದರೆ ಮೆದುಳಿನ ಪೆಟ್ಟಿನಿಂದ ಭಾಷೆಯ ತೊಡಕು, ಇರುವವರಲ್ಲಿ ಅಪ್ರಾಕ್ಸಿಯ ಪತ್ತೆ ಮಾಡುವುದು ಕಷ್ಟ. 'ಟಾಟಾ ಮಾಡಿ' ಎಂದಾಗ ಮಾಡದಿದ್ದರೆ ಮಾತು ತಿಳಿಯಲಿಲ್ಲವೋ, ಕೈ ಕೇಳಲಿಲ್ಲವೋ? ಅದಕ್ಕೇ ಮಾತಿನ ಮೇಲೆ ನಿಲ್ಲದ ಪರೀಕ್ಷೆ ಬೇಕು. ಮೊದಲು ಚಿತ್ರಗಳನ್ನು ಮುಂದಿಟ್ಟೆವು. 'ಸುತ್ತಿಗೆ ಯಾವುದು' ಎಂದರೆ ತಕ್ಷಣ ತೋರಿಸಿದರು. ನಾನೇ ಸುತ್ತಿಗೆ ಬೀಸುವ ಅಭಿನಯ ಮಾಡಿದರೆ ಸುತ್ತಿಗೆಯ ಚಿತ್ರವನ್ನೇ ಆರಿಸಿದರು. ಬೇಕೆಂದೇ ತಪ್ಪಾಗಿ ಅಭಿನಯಿಸಿದಾಗ ತಲೆ ಅಲ್ಲಾಡಿಸಿ ನಕ್ಕರು. ಈ ನಗು ನನಗೆ ಅಂಕಗಳಿಗಿಂತ ಜಾಸ್ತಿ ಹೇಳಿತು. ವಸ್ತು ಏನು, ಯಾತಕ್ಕೆ, ಸರಿಯಾದ ಚಲನೆ ನೋಡಲು ಹೇಗಿರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಆಮೇಲೆ ಅವರ ಸರದಿ. ಕೈಯಲ್ಲಿ ಏನೂ ಇಲ್ಲದೆ ಸ್ಕ್ರೂಡ್ರೈವರ್ ತಿರುಗಿಸುವುದನ್ನು ತೋರಿಸಿ ಎಂದೆವು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮನುಷ್ಯ. ಮುಷ್ಟಿ ಬಿಗಿದರು. ಮೊಣಕೈ ನೇರ ಮಾಡಿ ಭುಜದಿಂದ ಇಡೀ ತೋಳನ್ನು ಗಾಳಿಯಲ್ಲಿ ದೊಡ್ಡ ವೃತ್ತವಾಗಿ ಸುತ್ತಿದರು. ನಿಜವಾದ ಸ್ಕ್ರೂ ಇದ್ದಿದ್ದರೆ ಉಪಕರಣದ ತುದಿ ಅದರ ತಲೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಮುಂಗೈ ತಿರುಗಬೇಕಾದ ಕಡೆ ಭುಜ ತಿರುಗುತ್ತಿತ್ತು. ಹೀಗೆ ಚಲನೆ ತಪ್ಪು ಕೀಲಿನಿಂದ ಹೊರಡುವುದು ಅಪ್ರಾಕ್ಸಿಯದ ಒಂದು ಮುಖ್ಯ ಗುರುತು. ಅವರೇ ತಮ್ಮ ಕೈ ನೋಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ಅದೇ ವೃತ್ತ.

ಹಲ್ಲುಜ್ಜುವುದನ್ನು ಕೇಳಿದಾಗ ತೋರುಬೆರಳನ್ನೇ ಬ್ರಷ್ ಮಾಡಿಕೊಂಡರು. ಆರೋಗ್ಯವಂತರೂ ಹೀಗೆ ಮಾಡುವುದುಂಟು. ಆದರೆ 'ಬೆರಳಲ್ಲ, ಬ್ರಷ್ ಹಿಡಿದ ಹಾಗೆ' ಎಂದು ಹೇಳಿದರೆ ಅವರು ಸರಿಪಡಿಸಿಕೊಳ್ಳುತ್ತಾರೆ. ಇವರಿಗೆ ಆಗಲಿಲ್ಲ. ಅರ್ಥವಿಲ್ಲದ ಭಂಗಿಗಳ ಅನುಕರಣೆಯೂ ಕೆಟ್ಟಿತ್ತು. ನಾನು ಅಂಗೈಯ ಹಿಂಭಾಗವನ್ನು ಗಲ್ಲದ ಕೆಳಗೆ ಇಟ್ಟರೆ ಅವರು ಕೈಯನ್ನು ಕಿವಿಯ ಹತ್ತಿರ ಒಯ್ದು ಅಲ್ಲೇ ತಡಕಾಡಿದರು. ಸ್ಕ್ರೂಡ್ರೈವರನ್ನೇ ಕೈಗೆ ಕೊಟ್ಟು, ಮರದ ಹಲಗೆಯಲ್ಲಿ ಅರ್ಧ ಇಳಿದ ಸ್ಕ್ರೂ ಮುಂದಿಟ್ಟಾಗ ಮಾತ್ರ ಚಲನೆ ಸುಮಾರಾಗಿ ಸುಧಾರಿಸಿತು. ಹಿಡಿಕೆಯ ಭಾರ, ಸ್ಕ್ರೂವಿನ ಗೀರು, ಹಲಗೆಯ ತಡೆ, ಇವೆಲ್ಲ ಕೈಗೆ ದಾರಿ ತೋರಿಸುತ್ತವೆ. ಗಾಳಿಯಲ್ಲಿ ಅಭಿನಯಿಸುವಾಗ ಆ ಸಹಾಯ ಇರುವುದಿಲ್ಲ.

ಅವತ್ತೇ ಡಾಕ್ಟರ್ ಹೊರಟಾಗ ಇವರು ಕೈ ಎತ್ತಿ ಚಂದವಾಗಿ ಟಾಟಾ ಮಾಡಿದರು. ಅರ್ಧ ಗಂಟೆ ಮೊದಲು ಕೇಳಿದಾಗ ಆಗದ ಅದೇ ಟಾಟಾ. ಮಗ ಅಲ್ಲೇ ಇದ್ದ. 'ನೋಡಿ, ಬೇಕೆಂದೇ ಮಾಡ್ತಿರಲಿಲ್ಲ' ಎಂದ. ಅಪ್ರಾಕ್ಸಿಯದಲ್ಲಿ ಮನೆಯವರನ್ನು ಜಾಸ್ತಿ ಗೊಂದಲಕ್ಕೆ ಕೆಡವುವುದು ಇದೇ. ಸಂದರ್ಭ ತಾನಾಗಿ ಎಳೆದಾಗ ಚಲನೆ ಬರುತ್ತದೆ. ಮನಸ್ಸಿಟ್ಟು, ಆಜ್ಞೆಯ ಮೇಲೆ ಮಾಡಹೋದರೆ ಒಡೆದುಹೋಗುತ್ತದೆ. ಮಗನಿಗೆ ಇದನ್ನು ವಿವರಿಸಲು ಆ ದಿನ ಪರೀಕ್ಷೆಗೆ ಹಿಡಿದಷ್ಟೇ ಸಮಯ ಹಿಡಿಯಿತು. ಆ ಸಮಯ ಪೋಲಾಗಲಿಲ್ಲ. ಮನೆಯಲ್ಲಿ ಬೈಗುಳ ನಿಂತಿದ್ದು ಆಮೇಲೇ.

ಮೊದಲ ನಿರ್ಧಾರ: ಸನ್ನೆ ಬೇಡ

ಮಾತು ಬಾರದವರಿಗೆ ಕೈಸನ್ನೆ ಕಲಿಸೋಣ ಎನ್ನುವುದು ಸಹಜ ಯೋಚನೆ. ಸ್ಪೀಚ್ ಥೆರಪಿಯಲ್ಲಿ ಅದೇ ಶುರುವಾಗಿತ್ತು. ನೀರಿಗೆ ಒಂದು ಸನ್ನೆ, ನಿದ್ದೆಗೆ ಒಂದು, ನೋವಿಗೆ ಒಂದು. ಕೆಲವು ದಿನದಲ್ಲೇ ಎಲ್ಲವೂ ಒಂದೇ ತರಹದ ಕೈ ಬೀಸಾಗಿ ಉಳಿಯಿತು. ನೀರು ಬೇಕೆಂದರೂ ಅದೇ, ಮಲಗಬೇಕೆಂದರೂ ಅದೇ. ಮನೆಯವರು ಊಹಿಸುವುದು, ಅವರು ಸಿಡುಕುವುದು. ಸಂವಹನಕ್ಕೆಂದು ತಂದ ದಾರಿಯೇ ಜಗಳದ ದಾರಿಯಾಯಿತು.

ಇಲ್ಲಿ ನಾವು, ಅಂದರೆ ಸ್ಪೀಚ್ ಥೆರಪಿಸ್ಟ್ ಮತ್ತು ನಾನು, ಕೂತು ಮಾತಾಡಿದೆವು. ಅವರ ವಾದ ಇನ್ನೂ ಸ್ವಲ್ಪ ದಿನ ನೋಡೋಣ ಎಂದು. ನನ್ನ ವಾದ, ಮಾತಿನ ಬದಲಿಗೆ ನಾವು ಕೊಟ್ಟಿದ್ದು ಅದೇ ಸ್ಟ್ರೋಕ್ ಕೆಡಿಸಿದ ಇನ್ನೊಂದು ಸಾಮರ್ಥ್ಯವನ್ನು ಎಂದು. ಭಾಷೆಯ ಜಾಲವೂ ಚಲನೆಯ ಜಾಲವೂ ಎಡ ಮೆದುಳಿನಲ್ಲಿ ಅಕ್ಕಪಕ್ಕ ಹಾಯುವುದರಿಂದ ಅಫೇಸಿಯ ಮತ್ತು ಅಪ್ರಾಕ್ಸಿಯ ಆಗಾಗ ಜೊತೆಗೇ ಬರುತ್ತವೆ. ಒಂದಿದ್ದು ಇನ್ನೊಂದಿಲ್ಲದ ರೋಗಿಗಳೂ ಇದ್ದಾರೆ, ಹಾಗಾಗಿ ಎರಡೂ ಒಂದೇ ಅಲ್ಲ. ಇವರಲ್ಲಿ ಎರಡೂ ಇದ್ದವು. ಆದರೆ ಬೆರಳು ಮಾಡಿ ತೋರಿಸುವುದು ಚೆನ್ನಾಗಿತ್ತು. ಎದುರಿಗಿರುವ ವಸ್ತುವಿನ ಕಡೆ ಬೆರಳು ಚಾಚುವುದಕ್ಕೆ ವಸ್ತುವೇ ಗುರಿ ಕೊಡುತ್ತದೆ. ಸನ್ನೆಗೆ ಆಕಾರವನ್ನು ತಲೆಯೊಳಗಿಂದ ಕಟ್ಟಬೇಕು.

ಸನ್ನೆಗಳನ್ನು ನಿಲ್ಲಿಸಿ ಫೋಟೋ ಪುಸ್ತಕಕ್ಕೆ ಬಂದೆವು. ಅವರದೇ ಮನೆಯ ಲೋಟ, ಹಾಸಿಗೆ, ಮಾತ್ರೆ ಡಬ್ಬಿ, ಮನೆಯವರ ಮುಖ. ಹೌದು, ಇಲ್ಲ ಎನ್ನುವುದಕ್ಕೂ ತಲೆಯಾಡಿಸುವುದನ್ನು ನೆಚ್ಚಲಿಲ್ಲ, ಯಾಕೆಂದರೆ ಅದೂ ಆಗೀಗ ಅದಲುಬದಲಾಗುತ್ತಿತ್ತು. ಹೌದಿಗೊಂದು, ಇಲ್ಲಕ್ಕೊಂದು ಗುರುತು ಹಾಕಿದ ಎರಡು ಕಾರ್ಡ್ ಸಾಕಾಯಿತು. ಸ್ಪೀಚ್ ಥೆರಪಿಸ್ಟ್ ಸುಮ್ನೆ ಒಪ್ಪಲಿಲ್ಲ, ಸನ್ನೆ ಮತ್ತು ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಒಪ್ಪಿದರು. ಹಾಗೆ ನೋಡಿದ್ದು ಒಳ್ಳೆಯದೇ ಆಯಿತು. ಮನೆಯವರಿಗೂ ವ್ಯತ್ಯಾಸ ಕಣ್ಣಾರೆ ಕಂಡಿತು.

ಎರಡನೇ ನಿರ್ಧಾರ: ಯಾವ ಕೆಲಸ

ಅಪ್ರಾಕ್ಸಿಯಕ್ಕೆ ಚಿಕಿತ್ಸೆ ಕೊಡುವವರ ಮುಂದೆ ಎರಡು ದಾರಿ ಇವೆ. ಒಂದು, ಸನ್ನೆ ಮತ್ತು ಭಂಗಿಗಳನ್ನೇ ವಾರಗಟ್ಟಲೆ ಅಭ್ಯಾಸ ಮಾಡಿಸಿ, ಚಲನೆಯ ಮೂಲ ಸಾಮರ್ಥ್ಯವನ್ನೇ ಎತ್ತುವುದು. ಇಟಲಿಯ ನಿಕೋಲಾ ಸ್ಮಾನಿಯಾ ಮತ್ತು ಜೊತೆಗಾರರು 2000 ಮತ್ತು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ದಾರಿಯವು. ಎರಡನೆಯದರಲ್ಲಿ ದಿನನಿತ್ಯದ ಕೆಲಸಗಳೂ ಸುಧಾರಿಸಿದವು ಎಂದು ವರದಿಯಾಯಿತು. ಇನ್ನೊಂದು, ಬೇಕಾದ ಕೆಲಸವನ್ನೇ ನೇರವಾಗಿ ಕಲಿಸುವುದು. ಜರ್ಮನಿಯ ಗೇಯಾರ್ಗ್ ಗೋಲ್ಡನ್‌ಬರ್ಗ್ ಮತ್ತು ಹಾಗ್‌ಮನ್ 1998ರಲ್ಲಿ ತೋರಿಸಿದ್ದು ಇದನ್ನು. ಕಲಿಸಿದ ಕೆಲಸ ಬರುತ್ತದೆ, ಆದರೆ ಕಲಿಸದ ಕೆಲಸಕ್ಕೆ ಅದು ಹರಡುವುದಿಲ್ಲ. ಮನೆಯಲ್ಲಿ ಮುಂದುವರಿಸದಿದ್ದರೆ ಕಲಿತದ್ದೂ ಉಳಿಯುವುದಿಲ್ಲ.

ನಮಗೆ ಸಿಕ್ಕಿದ್ದು ಕೆಲವೇ ವಾರ. ಆಮೇಲೆ ಡಿಸ್ಚಾರ್ಜ್. ಎಲ್ಲವೂ ಸುಧಾರೀತು ಎಂದು ಕಾಯುವ ದಾರಿಗೆ ಸಮಯ ಜಾಸ್ತಿ ಬೇಕಿತ್ತು, ನಾನು ಎರಡನೆಯದನ್ನು ಆರಿಸಿದೆ. ಈಗಲೂ ಕಡಿಮೆ ಸಮಯವಿದ್ದರೆ ಅದನ್ನೇ ಆರಿಸುತ್ತೇನೆ. ಆದರೆ ಅದರ ಷರತ್ತು ಕಠಿಣ. ಕಲಿಸಿದ್ದಷ್ಟೇ ಬರುವುದಾದರೆ, ಏನನ್ನು ಕಲಿಸಬೇಕು ಎಂಬ ಆಯ್ಕೆಯೇ ಅರ್ಧ ಚಿಕಿತ್ಸೆ.

ಆಯ್ಕೆಯನ್ನು ಅವರಿಗೇ ಬಿಟ್ಟೆವು. ಹತ್ತಾರು ಫೋಟೋ ಮುಂದಿಟ್ಟು ಯಾವುದು ಮೊದಲು ಎಂದು ಕೇಳಿದೆವು. ಮನೆಯವರು ಊಟ ಮಾಡುವುದನ್ನು ಆರಿಸುತ್ತಾರೆ ಎಂದುಕೊಂಡಿದ್ದರು. ಅವರು ಬೆರಳಿಟ್ಟಿದ್ದು ಕ್ರಮವಾಗಿ ಹಲ್ಲುಜ್ಜುವುದು, ಅಂಗಿ, ಗಡ್ಡ. ಕೊನೆಗೆ ಸ್ಕ್ರೂಡ್ರೈವರ್. ಇದರ ಮೇಲೆ ಎರಡು ಸಲ ಬೆರಳು ಕುಟ್ಟಿದರು.

ಕಲಿಸಿದ ರೀತಿ

ಸಾಮಾನ್ಯ ಅಭ್ಯಾಸದಲ್ಲಿ ತಪ್ಪು ಮಾಡಿ, ತಿದ್ದಿಕೊಂಡು ಕಲಿಯುತ್ತೇವೆ. ಇಲ್ಲಿ ಅದು ಕೈಕೊಡುತ್ತದೆ. ತಪ್ಪು ಚಲನೆ ಒಮ್ಮೆ ನಡೆದರೆ ಅದೇ ಮತ್ತೆ ಮತ್ತೆ ಬರುತ್ತದೆ, ಗಾಳಿಯಲ್ಲಿ ಬಂದ ಆ ವೃತ್ತದ ಹಾಗೆ. ಆದ್ದರಿಂದ ತಪ್ಪಿಗೆ ಅವಕಾಶವನ್ನೇ ಕೊಡದೆ ಕಲಿಸಿದೆವು. ಹಲ್ಲುಜ್ಜುವಾಗ ನಾನು ಅವರ ಎಡಕ್ಕೆ, ಅದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದೆ. ಎದುರು ಕೂತರೆ ಕನ್ನಡಿಯ ಗೊಂದಲ ಸೇರಿಕೊಳ್ಳುತ್ತದೆ. ಅವರ ಕೈ ಮೇಲೆ ನನ್ನ ಕೈ ಇಟ್ಟು ಬ್ರಷ್ ಹಿಡಿಸಿ, ಕೂದಲು ಹಲ್ಲಿನ ಕಡೆ ತಿರುಗಿಸಿ, ಜೊತೆಗೆ ಉಜ್ಜುವುದು. ದಿನ ಕಳೆದಂತೆ ನನ್ನ ಕೈ ಮಣಿಕಟ್ಟಿಗೆ, ಆಮೇಲೆ ಮೊಣಕೈಗೆ, ಆಮೇಲೆ ಪಕ್ಕಕ್ಕೆ. ಬ್ರಷ್‌ನ ಹಿಡಿಕೆಯಲ್ಲಿ ಹೆಬ್ಬೆರಳು ಕೂರುವ ಜಾಗಕ್ಕೆ ಒರಟು ಟೇಪ್ ಸುತ್ತಿದೆವು. ದಿಕ್ಕು ತಪ್ಪದಿರಲು ಅಷ್ಟೇ ಸಾಕಾಯಿತು. ಅಭ್ಯಾಸ ನಡೆದದ್ದು ಬೆಳಗ್ಗೆ, ಬೇಸಿನ್ ಮುಂದೆ. ಥೆರಪಿ ಕೋಣೆಯ ಮೇಜಿನ ಮೇಲೆ ಹಲ್ಲುಜ್ಜಿಸುವುದನ್ನು ಮೊದಲ ದಿನವೇ ಬಿಟ್ಟೆವು.

ಮಾತಿನ ಸೂಚನೆ ಕಡಿಮೆ ಮಾಡಿದ್ದೂ ಬೇಕೆಂದೇ. ಮನೆಯವರು ಪ್ರೀತಿಯಿಂದ 'ತಿರುಗಿಸಿ, ಹಾಂ, ಇನ್ನೂ ಸ್ವಲ್ಪ, ಅಲ್ಲ ಅಲ್ಲ' ಎನ್ನುತ್ತಿದ್ದರು. ಒಂದೊಂದು ಮಾತಿಗೂ ಕೈ ನಿಂತು ಯೋಚಿಸುತ್ತಿತ್ತು. ಬಾಯಿ ಮುಚ್ಚಿಕೊಂಡು ಮುಂದಿನ ವಸ್ತುವನ್ನು ಸರಿಯಾದ ದಿಕ್ಕಿನಲ್ಲಿ ಕೈಗಿಡಿ ಎಂದು ಹೆಂಡತಿಗೆ ಹೇಳಿಕೊಟ್ಟೆವು. ಅವರು ಇದನ್ನು ನಮಗಿಂತ ಚೆನ್ನಾಗಿ ಮಾಡಿದರು.

ಗಡ್ಡದ ವಿಷಯದಲ್ಲಿ ಬೇರೆ ನಿರ್ಧಾರ. ಬ್ಲೇಡ್ ಇರುವ ರೇಜರನ್ನು ಅಡ್ಡಡ್ಡ ಎಳೆಯಲು ಹೋಗಿದ್ದರು. ಅಪ್ರಾಕ್ಸಿಯ ಇರುವವರ ಕೈಯಲ್ಲಿ ಚಾಕು, ಬೆಂಕಿ, ಬ್ಲೇಡ್ ಇರುವಾಗ ಯಾರಾದರೂ ಪಕ್ಕದಲ್ಲಿರಲೇಬೇಕು. ಹಲವರಿಗೆ ತಮ್ಮ ತಪ್ಪು ತಪ್ಪೆಂದು ತಿಳಿಯುವುದೇ ಇಲ್ಲ. ಇವರಿಗೆ ತಿಳಿಯುತ್ತಿತ್ತು, ಆದರೆ ಮಾಡಿದ ಮೇಲೆ. ಬ್ಲೇಡ್ ವಿಷಯದಲ್ಲಿ ಅದು ತಡವಾಯಿತು. ರೇಜರ್ ಕಲಿಸುವ ಬದಲು ಟ್ರಿಮ್ಮರ್ ಕೊಡಿಸಿದೆವು. ದಿಕ್ಕು ತಪ್ಪಿದರೂ ಚರ್ಮ ಕೊಯ್ಯುವುದಿಲ್ಲ.

ಏನಾಯಿತು

ಹಲ್ಲುಜ್ಜುವುದು ಮೊದಲು ಬಂತು. ಅಂಗಿ ನಿಧಾನವಾಯಿತು. ಸೋತ ತೋಳನ್ನು ಮೊದಲು ತೂರಿಸುವ ಕ್ರಮವನ್ನು ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಬಣ್ಣದ ಕಾಲರ್ ಇರುವ ಅಂಗಿಯಲ್ಲಿ ಮಾಡಿಸಿದ ಮೇಲೆ ಅದೂ ಬಂತು. ಟ್ರಿಮ್ಮರಿಗೆ ಹೆಚ್ಚು ಕಷ್ಟವಾಗಲಿಲ್ಲ.

ಡಿಸ್ಚಾರ್ಜ್‌ಗೆ ಮುಂಚೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿದೆವು. ಗಾಳಿಯಲ್ಲಿ ಸ್ಕ್ರೂಡ್ರೈವರ್, ಗಲ್ಲದ ಕೆಳಗೆ ಕೈ. ಹೆಚ್ಚುಕಡಿಮೆ ಹಿಂದಿನಷ್ಟೇ. ಪರೀಕ್ಷೆಯ ಅಂಕ ಮಾತ್ರ ನೋಡುವವರು 'ಚಿಕಿತ್ಸೆ ಫಲಿಸಲಿಲ್ಲ' ಎನ್ನುತ್ತಿದ್ದರು. ಅದೇ ದಿನ ಬೆಳಗ್ಗೆ ಅವರು ಯಾರ ಸಹಾಯವೂ ಇಲ್ಲದೆ ಹಲ್ಲುಜ್ಜಿ, ಅಂಗಿ ತೊಟ್ಟು ಬಂದಿದ್ದರು. ಎರಡೂ ನಿಜ. ನಕ್ಷೆ ಮಾಡುವ ಸಾಮರ್ಥ್ಯ ವಾಪಸ್ ಬಂದಿರಲಿಲ್ಲ, ಕೆಲವು ಕೆಲಸಗಳು ವಾಪಸ್ ಬಂದಿದ್ದವು.

ಇದರ ಮಿತಿ ಬೇಗ ಗೊತ್ತಾಯಿತು. ಮಗಳ ಮನೆಗೆ ಹೋಗಿದ್ದಾಗ ಬೇರೆ ಬ್ರಷ್, ಟೇಪ್ ಇಲ್ಲ, ಬೇಸಿನ್ ಇನ್ನೊಂದು ಮಗ್ಗುಲಿಗೆ. ಮತ್ತೆ ಕೆನ್ನೆಗೆ ಒತ್ತಿಕೊಂಡರು. ಮಗಳು ಗಾಬರಿಯಾಗಿ, ಇನ್ನೊಂದು ಸ್ಟ್ರೋಕ್ ಆಯಿತೇನೋ ಎಂದು ಫೋನ್ ಮಾಡಿದಳು. ಹಾಗಾಗಿರಲಿಲ್ಲ. ಕಲಿತ ಕೆಲಸ ಕಲಿತ ಜಾಗಕ್ಕೆ ಅಂಟಿಕೊಂಡಿತ್ತು. ಅವತ್ತಿನಿಂದ ಟೇಪ್ ಸುತ್ತಿದ ಬ್ರಷ್ ಅವರ ಜೊತೆಗೇ ಪ್ರಯಾಣ ಮಾಡುತ್ತದೆ. ಮಧ್ಯೆ ಕೆಲವು ವಾರ ಜ್ವರ ಬಂದು ಅಂಗಿಯನ್ನು ಬೇರೆಯವರೇ ತೊಡಿಸಿದರು. ಆ ಕೆಲಸವೂ ಜಾರಿತು. ಮತ್ತೆ ಕಲಿಸಲು ಮೊದಲಿನಷ್ಟು ಸಮಯ ಬೇಕಾಗಲಿಲ್ಲ.

ಸ್ಕ್ರೂಡ್ರೈವರ್ ಪ್ರಶ್ನೆ ಕೊನೆಗೆ ಉಳಿಯಿತು. ಹಲಗೆಯ ಮೇಲೆ ಸ್ಕ್ರೂ ಬಿಗಿಯುವುದನ್ನು ಚೆನ್ನಾಗಿಯೇ ಕಲಿತರು. ಅವರ ಆಸೆ ಕರೆಂಟ್ ಇರುವ ಬೋರ್ಡ್‌ಗೆ ಹೋಗುವುದು ಎಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ನಾನು ಬೇಡ ಎಂದೆ. ಹಲಗೆ ಕ್ಷಮಿಸುತ್ತದೆ, ಬೋರ್ಡ್ ಕ್ಷಮಿಸುವುದಿಲ್ಲ. ಹೊಸ ಜೋಡಣೆ ಎದುರಾದಾಗ ಕೈ ಯಾವ ಕ್ಷಣದಲ್ಲಿ ದಾರಿ ತಪ್ಪುತ್ತದೆ ಎಂದು ಹೇಳಲಾಗದು, ಮತ್ತು ಇವರಿಗೆ ತಪ್ಪು ತಿಳಿಯುವುದು ಮಾಡಿದ ಮೇಲೆ. ಅವರು ಫೋಟೋ ಪುಸ್ತಕವನ್ನು ದೂರ ತಳ್ಳಿದರು. ಆ ದಿನ ಬೇರೇನೂ ಆಗಲಿಲ್ಲ.

ದಾರಿ ತೋರಿಸಿದ್ದು ಮೊದಲ ಪರೀಕ್ಷೆಯ ಆ ನಗು. ಬೇರೆಯವರ ತಪ್ಪು ಚಲನೆ ಅವರ ಕಣ್ಣಿಗೆ ತಕ್ಷಣ ಬೀಳುತ್ತಿತ್ತು. ಅವರ ಹತ್ತಿರ ಕೆಲಸ ಕಲಿತ ಹುಡುಗನೊಬ್ಬನಿದ್ದ. ಅವನು ವೈರಿಂಗ್ ಮಾಡುವ ಕಡೆಗೆ ಇವರನ್ನು ಕರೆದುಕೊಂಡು ಹೋಗಲು ಮಗ ಒಪ್ಪಿದ. ನಿಯಮ ಮೂರೇ: ಮೇನ್ ಸ್ವಿಚ್ ಆಫ್ ಆಗಿರಬೇಕು, ಇವರ ಕೈಗೆ ಉಪಕರಣ ಕೊಡುವಂತಿಲ್ಲ, ತಪ್ಪು ಕಂಡರೆ ಬೆರಳು ಮಾಡಿ ತೋರಿಸಬೇಕು. ಮೊದಲ ವಾರವೇ ಹುಡುಗ ನ್ಯೂಟ್ರಲ್ ವೈರನ್ನು ಸ್ವಿಚ್‌ಗೆ ಕೊಡಲು ಹೋದಾಗ ಇವರು ಅವನ ಭುಜ ಹಿಡಿದೆಳೆದು, ಸರಿಯಾದ ವೈರಿನ ಮೇಲೆ ಬೆರಳಿಟ್ಟರಂತೆ. ಎರಡನೇ ನಿಯಮವನ್ನು ಅವರು ಆಗಾಗ ಮುರಿಯುತ್ತಾರೆ ಎಂದು ಹುಡುಗ ದೂರುತ್ತಾನೆ. ಅದಕ್ಕೆ ಟೂಲ್ ಬ್ಯಾಗಿಗೆ ಈಗ ಬೀಗ ಹಾಕುತ್ತಾರೆ.